ಎಲ್ಡರ್ ಅಜ್ಜಿಯ ಮೌನ

ಯಾರೂ ತಡೆಯಲಿಲ್ಲ ಎಂದರೆ ಅಪ್ಪಣೆ ಕೊಟ್ಟ ಹಾಗೆಯೇ? ಈ ಪ್ರಶ್ನೆಯನ್ನು ಹೆಸ್ಟರ್ ಒಂದು ತಿಂಗಳಿಂದ ಡೈರಿಯಲ್ಲಿ ಬರೆಯುತ್ತಿದ್ದಳು, ಹೊಡೆದುಹಾಕುತ್ತಿದ್ದಳು. ಮದುವೆಯಾಗೋಣವೇ ಎಂದು ಕ್ಲೆಮ್ ಕೇಳಿದ ದಿನ ಅವಳು ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. ಶನಿವಾರವೇ ಮದುವೆ. ಈಗ ಅವನು ಹೆಸ್ಟರಳ ಮನೆಯ ಹಿತ್ತಲಿನ ಎಲ್ಡರ್ ಮರದ ಮುಂದೆ ಗರಗಸ ಹಿಡಿದು ನಿಂತಿದ್ದ.

“ಟೋಪಿ ತೆಗೆದು ಮೂರು ಸಲ ಕೇಳಪ್ಪಾ. ಈ ಮರದೊಳಗೆ ವಾಸವಾಗಿರೋ ಎಲ್ಡರ್ ಅಜ್ಜಿಯನ್ನ ಕೇಳದೆ ಕಡಿದೋರು ಉದ್ಧಾರ ಆಗಿಲ್ಲ,” ಎಂದ ಅವಳ ಅಪ್ಪ ವಾಲ್ಟರ್.

“ಅಜ್ಜಿ, ನಿನ್ನ ಕಟ್ಟಿಗೆ ಕೊಡ್ತೀಯಾ? ಮುಂದೆ ನಾನು ಮರವಾದಾಗ ನನ್ನದನ್ನ ನೀನು ಕಡ್ಕೊ,” ಎಂದು ಕ್ಲೆಮ್ ನಗುತ್ತಾ ಕೇಳಿದ. ಮೊದಲ ಸಲಕ್ಕೆ ಹಕ್ಕಿಗಳು ಸುಮ್ಮನಾದವು. ಎರಡನೆಯ ಸಲಕ್ಕೆ ಗಾಳಿ ನಿಂತಿತು. ಮೂರನೆಯ ಸಲಕ್ಕೆ, ಗಾಳಿಯೇ ಇಲ್ಲದೆ, ಎಲೆಗಳೆಲ್ಲ ಒಂದೊಂದಾಗಿ ಹೆಸ್ಟರಳ ಕಡೆಗೆ ತಿರುಗಿದವು, ಮಾತಿಗೆ ಕಾದವರ ಮುಖಗಳಂತೆ.

“ಬೇಡ ಅನ್ನಲಿಲ್ಲವಲ್ಲ, ಮುಗೀತು.” ಕ್ಲೆಮ್ ಟೋಪಿ ಹಾಕಿಕೊಂಡ. “ಚರ್ಚಿನಲ್ಲೂ ಪಾದ್ರಿ ಮೂರು ಭಾನುವಾರ ಈ ಮದುವೆಗೆ ಯಾರದ್ದಾದ್ರೂ ಆಕ್ಷೇಪಣೆ ಇದೆಯಾ ಅಂತ ಕೇಳಿದ್ರು. ಯಾರಾದ್ರೂ ತುಟಿ ಬಿಚ್ಚಿದ್ರಾ? ನಿಮ್ಮ ಮಗಳೂ ಈ ಮರದ ಜಾತಿಯೇ ಮಾವ, ಬಾಯಿಲ್ಲ.”

ಗರಗಸ ತೊಗಟೆಗೆ ತಾಗಿತು. ಹೆಸ್ಟರಳ ಮಣಿಕಟ್ಟಿನ ಮೇಲೆ ಏನೋ ತಣ್ಣಗೆ ಗೀರಿದಂತಾಯಿತು. ನೋಡಿದರೆ, ಚರ್ಮದ ಮೇಲೆ ಗರಗಸದ ಸಣ್ಣ ಹಲ್ಲುಗಳ ಸಾಲೊಂದು ಕೆಂಪಗೆ ಮೂಡುತ್ತಿತ್ತು.

“ನಿಲ್ಲಿಸು ಕ್ಲೆಮ್,” ಎಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. “ಅಜ್ಜಿ ಸುಮ್ಮನಿದ್ದಾಳೆ ಅಷ್ಟೇ, ಒಪ್ಪಿಲ್ಲ. ನಾನೂ ಒಪ್ಪಿರಲಿಲ್ಲ.”