ಕೈ ನೆನಪಿನ ಪರದೆ

"ಏನೇ ಇದು, ಚೌಕಾಬಾರದ ಮನೆ ಬರೆದಿದ್ದೀಯಾ?" ಮದನ್ ಹೆಂಡತಿಯ ಮಡಿಲಲ್ಲಿದ್ದ ರಟ್ಟನ್ನು ಬಗ್ಗಿ ನೋಡಿದ.

"ಕಂಪ್ಯೂಟರ್ ಪರದೆ ಕಣ್ರೀ, ನಂಗೆ ಬೇಕಾದ ಹಾಗೆ," ಎಂದಳು ಪವಿತ್ರ. ನಂಜನಗೂಡಿನಲ್ಲಿ ನಾದಿನಿ ನಯನ ಹಿಡಿದ ಹೊಸ ಬಾಡಿಗೆ ಮನೆ ನೋಡಲು ಬಂದವರು ಊಟ ಮುಗಿಸಿ ಕೂತಿದ್ದರು. "ಈಗ ಆಫೀಸಿನ ಕಂಪ್ಯೂಟರಲ್ಲಿ ಒಂದು ಕಡೆ, ಲ್ಯಾಪ್‌ಟಾಪಲ್ಲಿ ಇನ್ನೊಂದು ಕಡೆ, ಫೋನಲ್ಲಿ ಮತ್ತೊಂದು ಕಡೆ. ಹಾಗಲ್ಲ. ಎಲ್ಲಕ್ಕೂ ಒಂದೇ ಪರದೆ ಇರ್ಬೇಕು. ಪತ್ರ ತೆಗೆಯೋ ಗುಂಡಿ ಎಡಗಡೆ ಮೇಲೆ ಅಂದ್ರೆ ಎಲ್ಲಿ ತೆಗೆದ್ರೂ ಅಲ್ಲೇ. ಬಸ್ಸಲ್ಲಿ ಫೋನಿನಲ್ಲಿ ಅರ್ಧ ಮಾಡಿದ ಕೆಲಸ, ಆಫೀಸಿಗೆ ಹೋಗಿ ಕೂತ್ರೆ ಹಾಗೇ ತೆರೆದು ಕಾಯ್ತಿರ್ಬೇಕು."

"ಎತ್ತಿಗೂ ಕುರಿಗೂ ಒಂದೇ ನೊಗ ಅಂತೀಯಾ! ಒಳ್ಳೆ ಎಂಜಿನಿಯರ್ ಕಣಮ್ಮ ನೀನು." ಮದನ್ ನಗುತ್ತಾ ಟೀವಿಯ ಕಡೆ ತಿರುಗಿದ.

ಪವಿತ್ರ ನಗಲಿಲ್ಲ. ಟಿ. ನರಸೀಪುರದ ಸಹಕಾರ ಸಂಘವೊಂದರಲ್ಲಿ ಹದಿನಾಲ್ಕು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತವಳು ಅವಳು. ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಿದೆ, ತಡೆಯುವ ಔಷಧಿಯಿಲ್ಲ, ವಂಶದಲ್ಲಿ ಬರುವಂಥದ್ದು ಎಂದು ಮೈಸೂರಿನ ಡಾಕ್ಟರು ಹೋದ ತಿಂಗಳು ಹೇಳಿದ್ದರು. ಅವಳು ಯಾರಿಗೂ ಹೇಳಿರಲಿಲ್ಲ. ಕಣ್ಣು ಹೋದರೂ ಕೆಲಸ ಉಳಿಯಬೇಕಾದರೆ ಕೈ ಜಾಗಗಳನ್ನು ಕಲಿಯಬೇಕು. ಮೂರು ಮೂರು ಪರದೆ ಕಲಿಯುವಷ್ಟು ಕಾಲ ಅವಳಲ್ಲಿರಲಿಲ್ಲ.

ಚಾಪೆಯ ಮೇಲಿದ್ದ ಪುಟ್ಟಬಸಮ್ಮ ಎದ್ದರು. ಪವಿತ್ರಳಿಗೆ ಸೋದರತ್ತೆ, ಅಪ್ಪನ ಒಡಹುಟ್ಟಿದವರು; ಮದನ್‌ನನ್ನು ಮದುವೆಯಾದ ಮೇಲೆ ಅತ್ತೆಯೂ ಆದವರು. ದೃಷ್ಟಿ ಪೂರ್ತಿ ಹೋಗಿ ಎಂಟು ವರ್ಷ. ಈ ಮನೆಗೆ ಕಾಲಿಟ್ಟದ್ದು ಇದೇ ಮೊದಲು.

"ಕಾಪಿ ನಾನ್ ಮಾಡ್ತೀನಿ."

"ಕೂತ್ಕೊ ಅವ್ವ. ಗೊತ್ತಿಲ್ಲದ ಮನೆ, ಕೈ ಸುಟ್ಕೊಂಡೀಯ," ಎಂದಳು ನಯನ.

"ಒಲೆ ಯಾವ ಕಡೀಕದೆ?"

"ಮೂಡ್ಲ ಕಡೀಕೆ."

"ಇನ್ನೇನ್ ಮತ್ತೆ!"

ಗೋಡೆ ಹಿಡಿದು ಹೊರಟ ಅತ್ತೆ ಎಲ್ಲಿ ಎಡವುತ್ತಾರೋ ಎಂದು ರಟ್ಟು ಹಿಡಿದುಕೊಂಡೇ ಹಿಂದೆ ಹೋದ ಪವಿತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು. ಆ ಕೈ ತಡಕಾಡಲೇ ಇಲ್ಲ. ಒಲೆಯ ಬಲಕ್ಕೆ ಒಂದು ಗೇಣು, ಕಾಫಿಪುಡಿ. ಅದರ ಹಿಂದೆ ಸಕ್ಕರೆ. ಎಡಕ್ಕೆ, ಕೆಳಗೆ, ಹಾಲಿನ ಪಾತ್ರೆ. ಕೈ ಹೋಗುತ್ತಿತ್ತು, ಬೇಕಾದ್ದನ್ನು ಹಿಡಿದು ಬರುತ್ತಿತ್ತು. ನರಸೀಪುರದ ಅವಳ ಅಡುಗೆಮನೆಯಲ್ಲೂ ಕಾಫಿಪುಡಿ ಇರುವುದು ಒಲೆಯ ಬಲಕ್ಕೆ ಒಂದು ಗೇಣಿನಲ್ಲೇ. ಹೆಮ್ಮರಗಾಲದ ದೊಡ್ಡ ನಾದಿನಿಯ ಮನೆಯಲ್ಲೂ ಅಷ್ಟೇ. ಅಲ್ಲಿ ಮರದ ಹಲಗೆ, ಇಲ್ಲಿ ಗ್ರಾನೈಟ್. ಗೋಡೆ ಬೇರೆ, ಡಬ್ಬಿ ಬೇರೆ. ಕೈ ನಡೆಯುವ ದಾರಿ ಮಾತ್ರ ಒಂದೇ.

"ಅವ್ವನ ಹಟ ಅತ್ಗೆ," ಹಿಂದೆಯೇ ಬಂದ ನಯನ ಪಿಸುಗುಟ್ಟಿದಳು. "ಸಾಮಾನು ಇಳಿಸಿದ ದಿನ ಫೋನಿನಲ್ಲಿ ಒಂದೊಂದು ಡಬ್ಬಿನೂ ಕೇಳಿ ಕೇಳಿ ಇಡಿಸ್ತು."

ಮದುವೆಯಾದ ಹೊಸದರಲ್ಲಿ ಪವಿತ್ರ ಬಚ್ಚಲಮನೆಯಲ್ಲಿ ನಿಂತು ಅತ್ತಿದ್ದಳು. ಅವಳು ಜೋಡಿಸಿದ್ದನ್ನೆಲ್ಲ ಅತ್ತೆ ತೆಗೆದು ಬೇರೆ ಕಡೆ ಇಟ್ಟಿದ್ದರು. ಉಪ್ಪಿನ ಜಾಗವೂ ನನ್ನದಲ್ಲದ ಮನೆ ಎಂದುಕೊಂಡಿದ್ದಳು. ಆಗ ಅತ್ತೆ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದರು. ಹರಿದ ಎಳೆಯನ್ನು ಕ್ಷಣದಲ್ಲಿ ಜೋಡಿಸುತ್ತಿದ್ದರು.

"ಅತ್ತೆ, ನನ್ನ ಮದುವೆ ಹೊಸದ್ರಲ್ಲಿ ನಾನಿಟ್ಟ ಡಬ್ಬಿನೆಲ್ಲ ತೆಗೆದು ಬೇರೆ ಕಡೆ ಇಟ್ರಲ್ಲ, ಆಗ ನಿಮ್ಗೆ ಕಣ್ಣು ಚೆನ್ನಾಗಿತ್ತಲ್ವಾ?"

"ಚೆನ್ನಾಗ್ ಅದೆ ಅಂತ ನೀವೆಲ್ಲ ಅನ್ಕೊಂಡಿದ್ರಿ."

ಹಾಲು ಉಕ್ಕುವ ಸದ್ದಿಗೆ ಸರಿಯಾಗಿ ಒಲೆ ಆರಿಸಿ, ಲೋಟಗಳಿಗೆ ಕಾಫಿ ಬಗ್ಗಿಸಿ, ಒಂದನ್ನು ಮಗನಿಗೆ ಕೊಡುವಂತೆ ನಯನಳ ಕೈಗಿತ್ತರು. ಅವಳ ಹೆಜ್ಜೆ ದೂರವಾಗುವವರೆಗೂ ಕಾದು, ಕೈ ಚಾಚಿದರು.

"ಅದೇನೋ ಪರದೆ ಅಂತಿದ್ದಲ್ಲ, ಕೊಡಿಲ್ಲಿ."

ಪವಿತ್ರ ರಟ್ಟು ಕೊಟ್ಟಳು. ಅತ್ತೆಯ ಬೆರಳು ಅದರ ಅಂಚಿನುದ್ದಕ್ಕೂ ನಿಧಾನವಾಗಿ ಸರಿದು, ನಡುವಿಗೆ ಬಂದು ನಿಂತಿತು.

"ಚೆಂದಕ್ಕೆ ಅಂತ ಏನೂ ಮಡಗ್ಬೇಡ ಕಣವ್ವ. ದಿನಾ ಕೈ ಓಗೋದ್ನ ಮಾತ್ರ ಮಡಗು," ಎಂದರು. ಆಮೇಲೆ ಇನ್ನೂ ಮೆಲ್ಲಗೆ ಕೇಳಿದರು:

"ನಿನ್ ಕಣ್ಗೆ ಇನ್ನೆಷ್ಟು ವರ್ಸ ಅದೆ ಅಂದ್ರು ಡಾಕ್ಟ್ರು?"