ಗೋಡೆಗೂ ಹತ್ತಿದ ಬಣ್ಣ

ಇದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೆ ಹೇಳಿದ ಬಾಯಿಗೆ ಹುಳ ಬೀಳಲಿ: ಪ್ರೊಫೆಸರು ಹದಿನೆಂಟು ವರ್ಷ ಹುಡುಕಿ ಕಂಡುಹಿಡಿದಿದ್ದನ್ನ, ಒಬ್ಬ ಪೇಂಟರು ತನಗೆ ಕೊಟ್ಟ ಟೀ ಆರೋದ್ರೊಳಗೆ ಕಳೆದುಹಾಕಿದ. ಕಣ್ಣಾರೆ ಕಂಡೋನು ಸ್ಲೈಡಪ್ಪ. ಮಿದುಳನ್ನ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿಗೆ ಅಂಟಿಸಿ, ಬಣ್ಣ ಕಟ್ಟೋ, ಪ್ರೊಫೆಸರ ಲ್ಯಾಬಿನ ಟೆಕ್ನಿಷಿಯನ್ನು. ಇಪ್ಪತ್ತು ವರ್ಷದಿಂದ ಅದೇ ಕೆಲಸ, ಅದೇ ಸ್ಟೂಲು.

ಪೇಂಟರು ಬಂದಿದ್ದು ಹೆಂಡತಿಯನ್ನ ನೋಡೋಕೆ. ಅಂದರೆ, ಅವಳ ಮಿದುಳನ್ನ. ಪ್ರಿಯಾನ್ ಕಾಯಿಲೆ ಅಂತ ಒಂದಿದೆ. ತಲೆಯೊಳಗೆ ಒಂದು ಪ್ರೋಟೀನು ಅಡ್ಡಾದಿಡ್ಡಿ ಮಡಚಿಕೊಂಡು, ಪಕ್ಕದ್ದಕ್ಕೂ ಅದೇ ದುರ್ಬುದ್ಧಿ ಕಲಿಸುತ್ತೆ. ಐದೇ ತಿಂಗಳಲ್ಲಿ ಅವಳು ಗಂಡನ ಹೆಸರು ಮರೆತಳು, ನಡೆಯೋದು ಮರೆತಳು, ಕೊನೆಗೆ ನುಂಗೋದನ್ನೂ ಮರೆತಳು. ಅವಳು ತೀರಿಕೊಂಡ ಮೇಲೆ, ನಾಲ್ಕು ಜನಕ್ಕಾದರೂ ಉಪಯೋಗ ಆಗಲಿ ಅಂತ ಗಂಡ ಅವಳ ಮಿದುಳನ್ನ ಲ್ಯಾಬಿಗೆ ಬರೆದುಕೊಟ್ಟಿದ್ದ. ಈಗ ಅವನಿಗೆ ಬೇಕಾಗಿದ್ದು ಒಂದೇ ಮಾತು. "ಉಪಯೋಗ ಆಯ್ತಾ ಸಾರ್?"

"ಆಯ್ತಾ ಅಂದ್ರೇನ್ರೀ!" ಪ್ರೊಫೆಸರು ಕುರ್ಚಿ ಸಮೇತ ಗರಗರ ತಿರುಗಿದರು. "ಮಿದುಳಲ್ಲಿ ಆಸ್ಟ್ರೋಸೈಟ್ ಅಂತ ನಕ್ಷತ್ರದಂಥ ಕೋಶಗಳಿರ್ತವೆ. ಮನೆಗೆಲಸದೋರು ಅಂತಿಟ್ಕೊಳ್ಳಿ. ಅವುಗಳ ಪಾದದಲ್ಲಿ ಸಣ್ಣಸಣ್ಣ ನೀರಿನ ನಲ್ಲಿ. ಅದೂ ಒಂದು ಪ್ರೋಟೀನೇ. ನೀರು ಓಡಾಡ್ತಿದ್ರೆ ಕಸ ತೊಳೆದುಹೋಗುತ್ತೆ ಅಂತ ನಮ್ಮ ಲೆಕ್ಕಾಚಾರ. ನಲ್ಲಿ ಇರೋ ಕಡೆ ಮಾತ್ರ ಕಂದು ಬಣ್ಣ ಹಿಡಿಯೋ ಹಾಗೆ ಮಾಡಿದ್ದೀವಿ. ಪರದೆ ನೋಡಿ, ಎಡಗಡೆ ಆರೋಗ್ಯವಾಗಿದ್ದ ಯಾರದ್ದೋ ಮಿದುಳು. ಬಲಗಡೆ ನಿಮ್ಮ ಮನೆಯವರದ್ದು. ಕಸ ತೊಳೆಯೋಕೆ ಮೂರು ಪಟ್ಟು ನಲ್ಲಿ! ನಾಳೆ ಬೆಳಿಗ್ಗೆ ಪೇಪರು ಜರ್ನಲ್ಲಿಗೆ ಹೊರಡುತ್ತೆ."

ಪರದೆ ಮೇಲೆ ಎಡಗಡೆ ಅಲ್ಲೊಂದು ಇಲ್ಲೊಂದು ಕಂದು ಗೆರೆ. ಬಲಗಡೆ ಯಾರೋ ಕಾಫಿ ಚೆಲ್ಲಿದ ಹಾಗೆ. ಪೇಂಟರು ಎದ್ದು ಹತ್ತಿರ ಹೋದ. ಹೆಂಡತಿ ಮುಖ ನೋಡೋ ಹಾಗೆ ತುಂಬಾ ಹೊತ್ತು ನೋಡಿದ.

"ಈ ಮಧ್ಯದ ಜಾಗ ಏನು ಸಾರ್?"

"ಅದು ಖಾಲಿ ಜಾಗ. ಅಲ್ಲಿ ನಲ್ಲಿ ಇರಲ್ಲ."

"ಖಾಲಿ ಜಾಗಕ್ಕೆ ಬಣ್ಣ ಯಾಕೆ ಹತ್ತಿದೆ? ಕಿಟಕಿ ಸರಳಿಗೆ ಬಣ್ಣ ಹೊಡೆಯೋಕೆ ಹೋಗಿ ಗಾಜು, ಗೋಡೆ ಎಲ್ಲಾ ಕಂದು ಆದ್ರೆ, ಸರಳು ಮೂರು ಪಟ್ಟಾಯ್ತು ಅನ್ನಲ್ಲ ನಾವು. ಹೊಡೆದೋನಿಗೆ ಬೈತೀವಿ."

ಬಾಗಿಲ ಹತ್ತಿರ ನಿಂತಿದ್ದ ಸ್ಲೈಡಪ್ಪ ಕಂದು ಹತ್ತಿದ ಬೆರಳುಗಳನ್ನ ಕೋಟಿಗೆ ಒರೆಸಿಕೊಂಡ. ಪ್ರೊಫೆಸರು ಮಾತ್ರ ನಕ್ಕರು. "ಇದು ಸುಣ್ಣ ಬಳಿಯೋದಲ್ಲ ಸ್ವಾಮಿ, ವಿಜ್ಞಾನ."

ಪೇಂಟರು ಸ್ಲೈಡಪ್ಪನ ಕಡೆ ತಿರುಗಿದ. ಕಸುಬಿನವನಿಗೆ ಕಸುಬಿನವನ ಬೆರಳು ನೋಡಿದ್ರೇ ಗೊತ್ತಾಗುತ್ತೆ. "ಎಷ್ಟು ಹೊತ್ತು ಬಿಟ್ಟಿದ್ರಣ್ಣ ಬಣ್ಣದಲ್ಲಿ?"

ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ಅವನನ್ನ ಯಾರೂ ಕೇಳಿರಲಿಲ್ಲ. ಬಲಗಡೆಯ ಗಾಜು ಬಣ್ಣದಲ್ಲಿದ್ದಾಗಲೇ ಪ್ರೊಫೆಸರಿಂದ ಫೋನು ಬಂದಿತ್ತು: ಸನ್ಮಾನದ ಫೋಟೋ ಸೊಟ್ಟಗಿದೆ, ಬೇಗ ಬಾ. ಏಣಿ, ಮೊಳೆ, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ, "ಈಗ ಶಾಲು ಪೂರ್ತಿ ಕಾಣುತ್ತಾ?" ವಾಪಸ್ ಬರೋಷ್ಟರಲ್ಲಿ ಆಗಿದ್ದು ಆಗಿಹೋಗಿತ್ತು. ಹೇಳೋಣ ಅಂದರೆ ಪ್ರೊಫೆಸರು ಆಗಲೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು "ಸಿಕ್ತು!" ಅಂತ ಕುಣೀತಿದ್ದರು. ಕುಣಿಯೋ ಧಣಿಗೆ ನೆಲ ಒದ್ದೆ ಇದೆ ಅಂದೋನ ಕೆಲಸ ಉಳಿಯುತ್ತಾ?

"ಎಡಗಡೇದು ಮೂರು ನಿಮಿಷ," ಅಂದ ಸ್ಲೈಡಪ್ಪ, ನೆಲ ನೋಡ್ಕೊಂಡು. "ಅಮ್ಮಾವ್ರದ್ದು... ಒಂಬತ್ತು."

ಪ್ರೊಫೆಸರ ಕುರ್ಚಿ ತಿರುಗೋದು ನಿಂತಿತು.

"ಅವಳದ್ದು ಇನ್ನೇನಾದ್ರೂ ಉಳಿದಿದೆಯಾ?" ಪೇಂಟರು ಮತ್ತೆ ಪರದೆ ಕಡೆ ನೋಡಿ ಕೇಳಿದ.

"ಒಂದು ಚೂರು. ಉಗುರಿನಷ್ಟು."

"ಹಾಗಿದ್ರೆ ಇನ್ನೊಂದ್ಸಲ ಹೊಡೀರಿ. ಎರಡನ್ನೂ ಜೊತೆಗೆ ಇಳಿಸಿ, ಜೊತೆಗೆ ಎತ್ತಿ. ನಾನು ಟೈಮು ನೋಡ್ತೀನಿ."

"ಆಮೇಲೆ ನಲ್ಲಿ ಜಾಸ್ತಿ ಕಾಣದೇ ಹೋದ್ರೆ?" ಅಂದ ಸ್ಲೈಡಪ್ಪ.

"ಇಲ್ಲ ಅಂತಾದ್ರೂ ಗೊತ್ತಾಗುತ್ತಲ್ಲಣ್ಣ. ಸುಳ್ಳು ಹೇಳೋಕೆ ಅವಳನ್ನ ಕೊಟ್ಟಿಲ್ಲ ನಾನು."

"ನಿಲ್ಲಿ, ನಿಲ್ಲಿ!" ಪ್ರೊಫೆಸರು ಎದ್ದು ನಿಂತರು. ಮುಖದಲ್ಲಿ ಆಗಲೇ ಹೊಸ ಕಳೆ. "ಮೂರು, ಒಂಬತ್ತು, ಅದೆಲ್ಲ ಚಿಲ್ಲರೆ ವಿಷಯ. ದೊಡ್ಡದಾಗಿ ಯೋಚಿಸಿ! ಖಾಲಿ ಜಾಗಕ್ಕೂ ಬಣ್ಣ ಹತ್ತಿದೆ ಅಂದ್ರೆ ಅರ್ಥ ಏನು? ಅಲ್ಲೂ ನಲ್ಲಿ ಇವೆ! ಇದುವರೆಗೆ ಯಾರ ಕಣ್ಣಿಗೂ ಬೀಳದ ಅದೃಶ್ಯ ನಲ್ಲಿಗಳು! ಅವಕ್ಕೆ ಒಂದು ಹೆಸರಿಡಬೇಕಾಗುತ್ತೆ, ಸಂಪ್ರದಾಯದ ಪ್ರಕಾರ ಕಂಡುಹಿಡಿದವನ ಹೆಸರನ್ನೇ ಇಡೋದು, ನನಗೇನೂ ಅಂಥ ಆಸೆ ಇಲ್ಲ, ಆದ್ರೆ ನೀವೆಲ್ಲ ಬಲವಂತ ಮಾಡಿದ್ರೆ—"

ಬಣ್ಣದ ಕೋಣೆಯ ಗಾಜಿನ ಬಾಗಿಲು ಮುಚ್ಚಿಕೊಂಡ ಸದ್ದಾಯಿತು. ಬಾಗಿಲಾಚೆ ಸ್ಲೈಡಪ್ಪ ಕೈಗವಸು ಎಳೆದುಕೊಳ್ತಿದ್ದ. ಈಚೆ ಪೇಂಟರು ವಾಚು ಬಿಚ್ಚಿ ಅಂಗೈಯಲ್ಲಿ ಹಿಡಿದು ನಿಂತಿದ್ದ.