ಅವ್ವ ಮರಳಿಗೆ ಹೇಳಿಟ್ಟದ್ದು

ಗ್ಯಾರೇಜಿನಿಂದ ಜೀಪು ಬರುವಷ್ಟರಲ್ಲಿ ಚಳಿಗಾಲ ಮುಗಿಯುತ್ತ ಬಂದಿತ್ತು. ಮರುಭೂಮಿಯ ಮರಳು ತನಗೆ ಹೇಳಿಟ್ಟ ಮಾತನ್ನು ಒಂದು ಬೇಸಿಗೆ ಕಾಯುತ್ತದೆ, ಎರಡನೆಯದಕ್ಕೆ ಉಳಿಸುವುದಿಲ್ಲ. ಹೋದ ಚಳಿಗಾಲ ಮಾತು ಹೇಳಿಟ್ಟಿದ್ದ ನನ್ನ ಅವ್ವ ಈಗಿಲ್ಲ. ರಾತ್ರಿಪಾಳಿ ಮುಗಿಸಿದವನೇ ಮಗಳು ಶಾಂಭವಿಯನ್ನು ಕೂರಿಸಿಕೊಂಡು ಮರಳುದಿಬ್ಬದತ್ತ ಹೊರಟೆ.

“ಅಪ್ಪಾ, ಕ್ಲಚ್ ಮತ್ತ ವಾಸನಿ ಬರಾಕತ್ತೈತಿ.”

“ಬರ್ಲಿ ಬಿಡು. ದಿಬ್ಬ ಹತ್ತೂಮಟಾ ತಡದ್ರ ಸಾಕು.”

ಜೀಪು ಹತ್ತಿತು. ದೂರದಲ್ಲೇ ನಿಲ್ಲಿಸಿ ನಡೆದೆವು. ಪ್ರತಿವರ್ಷ ನಾವು ಡೇರೆ ಹಾಕುವಲ್ಲಿ ಒಲೆಗಲ್ಲುಗಳು ಹಾಗೇ ಇದ್ದವು. ಬಿಸಿಲು ತಾಗುವವರೆಗೆ ಅಲ್ಲಿ ಸದ್ದು ಮಾಡಬಾರದು. ಮಾಡಿದರೆ ಹಳೆಯ ಮಾತು ಅಳಿಸಿಹೋಗುತ್ತದೆ. ಶಾಂಭವಿಗೆ ಸೀನು ಬಂತು. ಎರಡೂ ಕೈಯಿಂದ ಮೂಗು ಅದುಮಿಕೊಂಡಳು.

ಬಿಸಿಲು ತಾಗಿತು. ಒಲೆಯ ಬದಿಯ ಮರಳು ಅವ್ವನ ದನಿಯಲ್ಲಿ ಗದರಿತು: “ತಡಾ ಮಾಡಿದೇನಲೇ ಶಿದ್ಲಿಂಗಾ? ಗಾಡಿ ಕೆಟ್ಟಿರ್ತೈತಿ, ನನಗ ಗೊತ್ತೈತಿ. ಮದ್ಲ ಚಾ ಕುಡಿ.”

ಮರಳು ಒಂದೇ ಸಲ ಹೇಳುತ್ತದೆ. ನಾನು ಒಲೆ ಹಚ್ಚಿದೆ.

ಹೊರಡುವಾಗ ಶಾಂಭವಿ ಮೊಣಕಾಲೂರಿ ಮರಳಿನತ್ತ ಬಾಗಿ ಹೇಳಿಟ್ಟಳು: “ಅಪ್ಪಾ, ತಡಾ ಆತೇನು? ಇರ್ಲಿ, ಮದ್ಲ ಚಾ ಕುಡಿ.”

ದಿಬ್ಬ ಇಳಿಯುವಾಗ ಕ್ಲಚ್ಚನ್ನು ಮೆಲ್ಲಗೆ ಬಿಟ್ಟೆ. ಮುಂದಿನ ಚಳಿಗಾಲವೂ ಈ ಜೀಪು ಇಲ್ಲಿಗೆ ಹತ್ತಲೇಬೇಕು.